ಥೇರಿಯನ್ ಮಕ್ಕಳು ಮತ್ತು ಶಾಲೆ

ದೇಹ ಮನುಷ್ಯನದಾದರೂ ಒಳಗಿರುವುದು ತೋಳ, ನರಿ, ಬೆಕ್ಕು ಅಥವಾ ಇನ್ನಾವುದೋ ಪ್ರಾಣಿ ಎಂದು ಭಾವಿಸುವವರು ಥೇರಿಯನ್ನರು. ಹೆಸರು ಅವರೇ ಇಟ್ಟುಕೊಂಡದ್ದು. 1990ರ ದಶಕದಲ್ಲಿ ಅಮೆರಿಕದ ಕೆಲವು ವಯಸ್ಕರ ನಡುವೆ ಹುಟ್ಟಿದ ಈ ಗುರುತು 2020ರ ಬಳಿಕ ಟಿಕ್‌ಟಾಕ್‌ನಂಥ ವೇದಿಕೆಗಳ ಮೂಲಕ ಹತ್ತು ಹದಿನೈದು ವಯಸ್ಸಿನ ಮಕ್ಕಳನ್ನು ತಲುಪಿ, ಅವರ ಜೊತೆಗೆ ಶಾಲೆಯ ಅಂಗಳಕ್ಕೂ ಬಂತು. ಅಮೆರಿಕ, ಕೆನಡ, ಬ್ರಿಟನ್, ಆಸ್ಟ್ರೇಲಿಯ, ರಷ್ಯಗಳಲ್ಲಿ ಇದು ಸುದ್ದಿಯಾಗಿದೆ. ಶಾಲೆಗಳು ಎದುರಿಸಬೇಕಾಗಿ ಬಂದದ್ದು ಎರಡನ್ನು. ಮೊದಲನೆಯದು, ಬಾಲ ಸಿಕ್ಕಿಸಿಕೊಂಡು ಮುಖವಾಡ ತೊಟ್ಟು ಬರುವ ಬೆರಳೆಣಿಕೆಯ ಮಕ್ಕಳು. ಎರಡನೆಯದು, ಆ ಮಕ್ಕಳ ಹೆಸರಿನಲ್ಲಿ ದೊಡ್ಡವರು ಹಬ್ಬಿಸಿದ ಗಾಳಿಸುದ್ದಿ. ಹೆಚ್ಚು ತೊಂದರೆ ಕೊಟ್ಟದ್ದು ಎರಡನೆಯದೇ ಆದ್ದರಿಂದ ಈ ಲೇಖನದಲ್ಲಿಯೂ ಅದಕ್ಕೆ ಹೆಚ್ಚು ಜಾಗ ಸಂದಿದೆ.

ಬೇರೆ ಬೇರೆ ಗುಂಪುಗಳು

ಪತ್ರಿಕೆಗಳೂ ರಾಜಕಾರಣಿಗಳೂ ಎಲ್ಲರನ್ನೂ ಒಟ್ಟಿಗೆ ಸೇರಿಸಿ ‘ಫರ್ರಿ’ ಎಂದುಬಿಡುತ್ತಾರೆ. ಥೇರಿಯನ್ ಮಕ್ಕಳಿಗೆ ಆ ಹೆಸರು ಸಲ್ಲುವುದಿಲ್ಲ. ಫರ್ರಿಗಳೆಂದರೆ ಮನುಷ್ಯರಂತೆ ನಡೆದು ಮಾತನಾಡುವ ಪ್ರಾಣಿಪಾತ್ರಗಳ ಅಭಿಮಾನಿಗಳು. 1980ರ ದಶಕದ ಅಮೆರಿಕದಲ್ಲಿ ವೈಜ್ಞಾನಿಕ ಕಥೆಗಳ ಸಮ್ಮೇಳನಗಳಿಗೆ ಬರುತ್ತಿದ್ದ ಕಾಮಿಕ್ಸ್ ಮತ್ತು ಕಾರ್ಟೂನ್ ಪ್ರಿಯರ ನಡುವೆ ಈ ಬಳಗ ರೂಪುಗೊಂಡಿತು. 1989ರಲ್ಲಿ ಕ್ಯಾಲಿಫೋರ್ನಿಯದ ಕೋಸ್ಟಾ ಮೇಸಾದಲ್ಲಿ ತನ್ನದೇ ಸಮ್ಮೇಳನ ನಡೆಸಿತು. ಪಿಟ್ಸ್‌ಬರ್ಗ್ ನಗರದಲ್ಲಿ ವರ್ಷಕ್ಕೊಮ್ಮೆ ಸೇರುವ ಆಂಥ್ರೋಕಾನ್‌ಗೆ 2024ರಲ್ಲಿ 17,000ಕ್ಕೂ ಹೆಚ್ಚು ಜನ ಬಂದಿದ್ದರು. ಪ್ರತಿಯೊಬ್ಬರೂ ತಮಗೊಂದು ಪ್ರಾಣಿಪಾತ್ರ ಕಟ್ಟಿಕೊಳ್ಳುತ್ತಾರೆ, ಅದರ ಚಿತ್ರ ಬರೆಸುತ್ತಾರೆ. ಕೈಯಲ್ಲಿ ದುಡ್ಡಿರುವವರು ತಲೆಯಿಂದ ಕಾಲಿನವರೆಗೆ ಮುಚ್ಚುವ, ಸಾವಿರಾರು ಡಾಲರ್ ಬೆಲೆಯ ಫರ್‌ಸೂಟ್ ಹೊಲಿಸುತ್ತಾರೆ. ವೇಷ ಕಳಚಿದರೆ ಆಟ ಮುಗಿಯಿತು. ತಾವು ಮನುಷ್ಯರೆಂಬುದರಲ್ಲಿ ಬಹುಪಾಲು ಫರ್ರಿಗಳಿಗೆ ಅನುಮಾನವಿಲ್ಲ.

ಥೇರಿಯನ್ನರಿಗೆ ವೇಷ ಮುಖ್ಯವಲ್ಲ. ಎಷ್ಟೋ ಮಂದಿ ವೇಷ ಹಾಕುವುದೇ ಇಲ್ಲ. ತಮ್ಮೊಳಗಿರುವುದು ಯಾವ ಪ್ರಾಣಿಯೋ ಅದನ್ನು ಥೇರಿಯೊಟೈಪ್ ಎಂದೂ, ಆ ಪ್ರಾಣಿಯ ಮನಸ್ಸು ಮೇಲೆದ್ದು ಬಂದಂತೆನಿಸುವ ಗಳಿಗೆಯನ್ನು ಶಿಫ್ಟ್ ಎಂದೂ ಕರೆಯುತ್ತಾರೆ. ಇಲ್ಲದ ಬಾಲ ಅಲುಗಿದಂತೆ, ಇಲ್ಲದ ಕಿವಿ ನಿಮಿರಿದಂತೆ ಅನಿಸುತ್ತದೆಂದು ಹಲವರು ವರ್ಣಿಸಿದ್ದಾರೆ. ಇದನ್ನು ಪೂರ್ವಜನ್ಮದ ಫಲವೆಂದೋ ಆತ್ಮದ ಸ್ವರೂಪವೆಂದೋ ನಂಬುವವರಿದ್ದಾರೆ. ಅದೆಲ್ಲ ಏನಿಲ್ಲ, ಮನಸ್ಸಿನ ಒಂದು ಜಾಡು ಅಷ್ಟೆ ಎನ್ನುವವರೂ ಇದ್ದಾರೆ. ಕನ್ನಡಿಯಲ್ಲಿ ಕಾಣುವುದು ಮನುಷ್ಯನ ಮೈ ಎಂಬ ಅರಿವು ಎರಡೂ ಬಗೆಯವರಿಗೆ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಹುಣ್ಣಿಮೆಯ ರಾತ್ರಿ ನಿಜವಾಗಿಯೂ ತೋಳವಾಗುತ್ತೇನೆ ಎಂದು ಹೇಳಿಕೊಂಡು ಬರುವವರನ್ನು ಬಳಗದ ಹಳಬರು ಹತ್ತಿರ ಸೇರಿಸುವುದಿಲ್ಲ. ಡ್ರ್ಯಾಗನ್, ಎಲ್ಫ್ ಮೊದಲಾದ ಕಲ್ಪನೆಯ ಜೀವಿಗಳೊಂದಿಗೆ ಗುರುತಿಸಿಕೊಳ್ಳುವ ಅದರ್‌ಕಿನ್ ಎಂಬವರು ಇವರ ನೆರೆಹೊರೆ. ಆ ಹೆಸರು 1990ರಿಂದ ಬಳಕೆಯಲ್ಲಿದೆ.

ಆಟದ ಮೈದಾನದಲ್ಲಿ ಕಣ್ಣಿಗೆ ಬೀಳುವುದು ಮಾತ್ರ ಇವೆರಡೂ ಅಲ್ಲ, ಕ್ವಾಡ್ರೋಬಿಕ್ಸ್. ಕೈಕಾಲು ನಾಲ್ಕನ್ನೂ ನೆಲಕ್ಕೂರಿ ಓಡುವ, ನೆಗೆಯುವ ಕಸರತ್ತು ಇದು. ಜಪಾನಿನ ಕೆನಿಚಿ ಇಟೊ ಕೋತಿಗಳ ಓಟ ನೋಡಿ ಅಭ್ಯಾಸ ಮಾಡಿ, 2008ರಲ್ಲಿ 100 ಮೀಟರನ್ನು ಹೀಗೆ 18.58 ಸೆಕೆಂಡಿನಲ್ಲಿ ಓಡಿ ಗಿನ್ನೆಸ್ ದಾಖಲೆ ಸೇರಿದರು. 2015ರಲ್ಲಿ ಅದನ್ನು 15.71 ಸೆಕೆಂಡಿಗೆ ಇಳಿಸಿದರು. ಅವರಿಗೂ ಥೇರಿಯನ್ನರಿಗೂ ಯಾವ ನಂಟೂ ಇಲ್ಲ. ಆದರೆ ಫೆಲ್ಟ್ ಬಟ್ಟೆಯ ಬೆಕ್ಕಿನ ಮುಖವಾಡ ಕಟ್ಟಿಕೊಂಡು, ಉಲ್ಲನ್ ನೂಲಿನ ಬಾಲ ಸಿಕ್ಕಿಸಿಕೊಂಡು ಹುಲ್ಲಿನ ಮೇಲೆ ನೆಗೆಯುವ ಮಕ್ಕಳ ವಿಡಿಯೊಗಳು ಹರಡಿದ ಮೇಲೆ ಕಸರತ್ತು ಮತ್ತು ಗುರುತು ಒಂದಕ್ಕೊಂದು ಅಂಟಿಕೊಂಡವು. ಹಾಗೆ ನೆಗೆಯುವ ಹತ್ತು ವರ್ಷದ ಹುಡುಗಿಯನ್ನು ಕೇಳಿದರೆ, ನಾನು ಬೆಕ್ಕಲ್ಲ, ಇದು ಆಟ ಎನ್ನುವ ಸಂಭವವೇ ಹೆಚ್ಚು.

ಮನೋವೈದ್ಯರು ಲೈಕಾಂತ್ರಪಿ ಎಂದು ಕರೆಯುವುದು ಇವೆಲ್ಲಕ್ಕಿಂತ ಬೇರೆ. ತಾನು ತೋಳವಾಗಿ ಮಾರ್ಪಟ್ಟಿದ್ದೇನೆ, ಮಾರ್ಪಡುತ್ತಿದ್ದೇನೆ ಎಂಬ ಭ್ರಮೆ ಅದು. ಸ್ಕಿಜೋಫ್ರೇನಿಯ, ತೀವ್ರ ಖಿನ್ನತೆ, ಉನ್ಮಾದಗಳ ಜೊತೆಗೆ ಬರುತ್ತದೆ. ಅಮೆರಿಕದ ಮೆಕ್‌ಲೀನ್ ಆಸ್ಪತ್ರೆಯ ವೈದ್ಯರು 1988ರಲ್ಲಿ 12 ರೋಗಿಗಳ ವಿವರ ಪ್ರಕಟಿಸಿದ್ದರು. 1850ರಿಂದೀಚಿನ ವೈದ್ಯಕೀಯ ಸಾಹಿತ್ಯವನ್ನೆಲ್ಲ ಜಾಲಾಡಿ ಡಚ್ ಮನೋವೈದ್ಯ ಯಾನ್ ಡಿರ್ಕ್ ಬ್ಲೋಮ್ 2014ರಲ್ಲಿ ಬರೆದ ಸಮೀಕ್ಷೆಗೆ ಸಿಕ್ಕಿದ್ದು ಒಟ್ಟು 56 ಪ್ರಕರಣಗಳು. ಅವುಗಳಲ್ಲಿ ತೋಳದ ಭ್ರಮೆಯವು 13. ಇಷ್ಟು ಅಪರೂಪದ ಕಾಯಿಲೆಯ ಹೆಸರನ್ನು ತರಗತಿಯಲ್ಲಿ ಮಿಯಾಂವ್ ಎಂದ ಮಗುವಿಗೆ ಅಂಟಿಸುವುದು ಅವಿವೇಕ. ಇತ್ತೀಚೆಗೆ ಪತ್ರಿಕೆಗಳಲ್ಲಿ ಓಡಾಡುತ್ತಿರುವ ‘ಸ್ಪೀಶೀಸ್ ಡಿಸ್ಫೋರಿಯ’ (ತಪ್ಪು ಪ್ರಾಣಿಜಾತಿಯ ಮೈಯಲ್ಲಿದ್ದೇನೆಂಬ ಸಂಕಟ) ಎಂಬುದು ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಾಗಲಿ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಾಗಲಿ ಇಲ್ಲ.

ಹಿನ್ನೆಲೆ

ಮನುಷ್ಯ ಪ್ರಾಣಿಯಾಗುವ ಕಲ್ಪನೆಗೆ ನಮ್ಮಲ್ಲೇನೂ ಬರವಿಲ್ಲ. ಜಿಂಕೆಯಾಗಿ ವಿಹರಿಸುತ್ತಿದ್ದ ಕಿಂದಮ ಋಷಿಗೆ ಬಾಣ ಬಿಟ್ಟು ಪಾಂಡು ಶಾಪ ಪಡೆದ. ನಾಗಾ ಬೆಟ್ಟಗಳಲ್ಲಿ ಚಿರತೆ, ಹುಲಿಗಳೊಂದಿಗೆ ಪ್ರಾಣ ಹಂಚಿಕೊಂಡವರೆಂದು ನಂಬಲಾಗಿದ್ದವರ ಬಗ್ಗೆ ಜೆ. ಎಚ್. ಹಟನ್ 1920ರಲ್ಲಿ ಪ್ರಬಂಧ ಬರೆದರು. ತುಳುನಾಡಿನಲ್ಲಿ ನವರಾತ್ರಿ, ಅಷ್ಟಮಿ ಬಂತೆಂದರೆ ಮೈಗೆಲ್ಲ ಬಣ್ಣ ಬಳಿದುಕೊಂಡು ತಾಸೆಯ ಪೆಟ್ಟಿಗೆ ಹುಲಿಗಳು ಕುಣಿಯುತ್ತವೆ, ಅವುಗಳ ನಡುವೆ ಶಾಲೆಗೆ ಹೋಗುವ ಮರಿಹುಲಿಗಳೂ ಇರುತ್ತವೆ. ಕುದುರೆಯ ತಲೆ ಹೊತ್ತು ಪೂರ್ಣತೆಗಾಗಿ ಅಲೆಯುವ ಗಿರೀಶ ಕಾರ್ನಾಡರ ಹಯವದನ ಕೊನೆಗೆ ಪೂರ್ತಿ ಕುದುರೆಯೇ ಆಗಿಬಿಡುತ್ತಾನೆ. ಹಾಗೆಂದು ಇವರನ್ನೆಲ್ಲ ಇಂದಿನ ಥೇರಿಯನ್ನರ ಪೂರ್ವಿಕರೆಂದು ತೋರಿಸುವ ಉತ್ಸಾಹ ಬೇಡ. ಹುಲಿವೇಷಕ್ಕೆ ಹರಕೆಯಿದೆ, ದಿನವಿದೆ, ನೋಡಲು ನೆರೆದ ಊರಿದೆ. ಥೇರಿಯನ್ನನ ಅನುಭವ ಒಬ್ಬನ ಒಳಗಿನದು, ಅದಕ್ಕೆ ಊರಿನ ಒಪ್ಪಿಗೆಯಿಲ್ಲ. ಒಪ್ಪಿಗೆ ಸಿಗುವುದು ಮುಖ ಕಾಣದ ಓರಗೆಯವರಿಂದ, ಪರದೆಯ ಮೇಲೆ.

ಪರದೆಯ ಈ ನಂಟು ಮೊದಲಿನಿಂದಲೂ ಇದೆ. 1992ರಲ್ಲಿ ಯೂಸ್‌ನೆಟ್ ಜಾಲದಲ್ಲಿ ತೋಳಮನುಷ್ಯರ ಸಿನಿಮಾ ಮತ್ತು ಕಥೆಗಳ ಚರ್ಚೆಗೆಂದು ಒಂದು ಗುಂಪು ತೆರೆಯಿತು. ಸ್ವಲ್ಪ ಕಾಲದಲ್ಲೇ ಅಲ್ಲಿ ಕೆಲವರು, ನಮಗೆ ಇದು ಬರೀ ಕಥೆಯಲ್ಲ, ನಮ್ಮೊಳಗೆ ನಿಜಕ್ಕೂ ಅಂಥದೊಂದಿದೆ ಎಂದು ಬರೆಯತೊಡಗಿದರು. 1994ರಲ್ಲಿ ಒಹಾಯೊದಲ್ಲಿ ಅವರು ಮುಖತಃ ಸೇರಿದರು. ಅಂಥ ಕೂಟಗಳಿಗೆ ‘ಹೌಲ್’, ಅಂದರೆ ಊಳು, ಎಂಬ ಹೆಸರಾಯಿತು. ಗ್ರೀಕ್ ಅಕ್ಷರಗಳಾದ ಥೀಟ ಮತ್ತು ಡೆಲ್ಟಗಳನ್ನು ಹೆಣೆದ ಲಾಂಛನ 2003ರಲ್ಲಿ ಬಂತು. ಅಲ್ಲಿಯವರೆಗೆ ಇದು ದೊಡ್ಡವರ ಸಂಗತಿಯಾಗಿತ್ತು: ಕಂಪ್ಯೂಟರ್ ಇದ್ದ, ಉದ್ದುದ್ದ ಬರೆಯುವ ವ್ಯವಧಾನವಿದ್ದ, ಹೊಸಬರು ಬಂದರೆ ನಿನಗೆ ಹೇಗೆ ಗೊತ್ತಾಯಿತು ಎಂದು ತಿರುಗಿಸಿ ತಿರುಗಿಸಿ ಕೇಳುತ್ತಿದ್ದ ಜನರದು.

ಮಕ್ಕಳು ಬಂದ ದಾರಿ ಬೇರೆ. ಕಾಡಿನ ಬೆಕ್ಕುಗಳ ಕುಲಗಳು ತಮ್ಮತಮ್ಮಲ್ಲಿ ಕಾದಾಡುವ ‘ವಾರಿಯರ್ಸ್’ ಕಾದಂಬರಿ ಸರಣಿ ಎರಿನ್ ಹಂಟರ್ ಎಂಬ ಸಾಮೂಹಿಕ ಕಾವ್ಯನಾಮದಲ್ಲಿ 2003ರಿಂದ ಬರುತ್ತಿದೆ. ಇಂಗ್ಲಿಷ್ ಓದುವ ದೇಶಗಳ ಎಷ್ಟೋ ಮಕ್ಕಳು ಬಿಡುವಿನ ವೇಳೆಯಲ್ಲಿ ಅದರ ಬೆಕ್ಕುಗಳಾಗಿಯೇ ಆಡಿ ಬೆಳೆದವರು. ಕೋವಿಡ್ ಕಾಲದಲ್ಲಿ ಶಾಲೆ ಮುಚ್ಚಿ, ಕೈಗೆ ಫೋನು ಬಂದಾಗ ಆ ಆಟಕ್ಕೆ ಮುಖವಾಡ ಮಾಡುವ, ನಾಲ್ಕು ಕಾಲಿನಲ್ಲಿ ಬೇಲಿ ಹಾರುವ ವಿಡಿಯೊಗಳು ಸೇರಿಕೊಂಡವು. ಅದರ ಮೊದಲೂ ಮಕ್ಕಳು ಪ್ರಾಣಿಗಳಾಗಿ ಆಡುತ್ತಿದ್ದರು. ಏಳು ವರ್ಷದೊಳಗಿನ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರಿಗೆ ಯಾವುದಾದರೊಂದು ಹೊತ್ತಿನಲ್ಲಿ ಕಲ್ಪನೆಯ ಸಂಗಾತಿ ಇರುತ್ತದೆಂದು ಒರೆಗಾನ್ ವಿಶ್ವವಿದ್ಯಾನಿಲಯದ ಮಾರ್ಜರಿ ಟೇಲರ್ ಮತ್ತು ಸಂಗಡಿಗರು 2004ರಲ್ಲಿ ವರದಿ ಮಾಡಿದ್ದರು. ಹೊಸದೇನೆಂದರೆ, ಆಟ ಬಿಡುವ ವಯಸ್ಸಿನಲ್ಲಿ ಅದಕ್ಕೊಂದು ಹೆಸರು, ಲಾಂಛನ, ಶಬ್ದಕೋಶ ಸಿದ್ಧವಾಗಿ ಸಿಗುವುದು.

ಸಂಶೋಧನೆ ಹೇಳುವುದು

ಈ ವಿಷಯದ ಅಧ್ಯಯನಗಳು ಕಡಿಮೆ. ಇರುವವೂ ಹೆಚ್ಚಾಗಿ ವಯಸ್ಕರನ್ನು ಕುರಿತವು. ಮನಶ್ಶಾಸ್ತ್ರಜ್ಞೆ ಕ್ಯಾಥ್ಲೀನ್ ಗರ್ಬಾಸಿ ಮತ್ತು ಜೊತೆಗಾರರು 2008ರಲ್ಲಿ ಪ್ರಕಟಿಸಿದ ಫರ್ರಿಗಳ ಸಮೀಕ್ಷೆಯಲ್ಲಿ, ನೀವು ನೂರಕ್ಕೆ ನೂರು ಮನುಷ್ಯರಲ್ಲವೆಂದು ಅನಿಸುತ್ತದೆಯೇ ಎಂಬ ಪ್ರಶ್ನೆಗೆ ಶೇ 46 ಮಂದಿ ಹೌದೆಂದರು. ಸಾಧ್ಯವಾದರೆ ಮನುಷ್ಯತ್ವವನ್ನು ಪೂರ್ತಿ ಬಿಟ್ಟುಬಿಡುತ್ತೀರಾ ಎಂಬುದಕ್ಕೆ ಹೌದೆಂದವರು ಶೇ 41. ಈ ಉತ್ತರಗಳ ಆಧಾರದ ಮೇಲೆ ‘ಸ್ಪೀಶೀಸ್ ಐಡೆಂಟಿಟಿ ಡಿಸಾರ್ಡರ್’ ಎಂಬ ಹೊಸ ವರ್ಗ ಇರಬಹುದೇ ಎಂದು ಲೇಖಕರು ಸೂಚಿಸಿದ್ದು ದೊಡ್ಡ ವಿವಾದವಾಯಿತು. ಒಂದು ಬಗೆಯ ಜನರ ವಿಚಿತ್ರ ಅನುಭವವನ್ನು ವಿವರಿಸಲು ಟ್ರಾನ್ಸ್‌ಜೆಂಡರ್ ಜನರ ಮೇಲೆ ಹೊರಿಸಿದ್ದ ‘ಜೆಂಡರ್ ಐಡೆಂಟಿಟಿ ಡಿಸಾರ್ಡರ್’ ಎಂಬ ರೋಗನಾಮವನ್ನೇ ಅಚ್ಚಾಗಿ ಬಳಸಿದ್ದೀರಿ ಎಂದು ಆಸ್ಟ್ರೇಲಿಯದ ವಿದ್ವಾಂಸೆ ಫಿಯೋನ ಪ್ರೊಬಿನ್-ರಾಪ್ಸಿ 2011ರಲ್ಲಿ ಟೀಕಿಸಿದರು. ಟೀಕೆಯಲ್ಲಿ ಹುರುಳಿದೆ.

ಥೇರಿಯನ್ನರನ್ನೇ ನೇರವಾಗಿ ನೋಡಿದ್ದು ಇಂಗ್ಲೆಂಡಿನ ನಾರ್ಥಾಂಪ್ಟನ್ ವಿಶ್ವವಿದ್ಯಾನಿಲಯದ ಹೆಲೆನ್ ಕ್ಲೆಗ್ ಮತ್ತು ಸಂಗಡಿಗರು. 2019ರ ಅವರ ಅಧ್ಯಯನದಲ್ಲಿ 112 ಥೇರಿಯನ್ನರನ್ನು 265 ಇತರರೊಂದಿಗೆ ಹೋಲಿಸಲಾಗಿತ್ತು. ಥೇರಿಯನ್ನರಲ್ಲಿ ಆಟಿಸಮ್ ಲಕ್ಷಣಗಳು ಹೆಚ್ಚು, ಇತರರೊಡನೆ ಒಡನಾಟದ ತೃಪ್ತಿ ಕಡಿಮೆ ಎಂದು ಕಂಡುಬಂತು. ತಮ್ಮ ನಿರ್ಧಾರ ತಾವೇ ತೆಗೆದುಕೊಳ್ಳುವ ಸ್ವಾತಂತ್ರ್ಯದ ಅಳತೆಯಲ್ಲಿ ಅವರು ಮುಂದಿದ್ದರು. ಫರ್ರಿಗಳ ಕುರಿತ ಸಮೀಕ್ಷೆಗಳಲ್ಲಿ ಬಾಲ್ಯದಲ್ಲಿ ಓರಗೆಯವರಿಂದ ಕಿರುಕುಳ ಅನುಭವಿಸಿದವರ ಪ್ರಮಾಣ ಹೆಚ್ಚೆಂಬುದೂ ಕಂಡಿದೆ. ಪ್ರಶ್ನಾವಳಿಗೆ ತಾವಾಗಿ ಬಂದು ಉತ್ತರಿಸಿದವರ ಲೆಕ್ಕ ಇವು. ಆರನೆಯ ತರಗತಿಯ ಮಗುವೊಂದರ ವರ್ತನೆ ಓದಲು ನೇರ ಕೀಲಿಕೈ ಅಲ್ಲ. ಆದರೂ ಗುಂಪಿಗೆ ಸೇರಲಾಗದ ಮಗು ಪ್ರಾಣಿಯ ಮುಖವಾಡದಲ್ಲಿ ಆಸರೆ ಹುಡುಕುತ್ತಿರಬಹುದು ಎಂಬ ಸುಳಿವು ಶಾಲೆಯ ಆಪ್ತಸಮಾಲೋಚಕರಿಗೆ ಉಪಯುಕ್ತ.

ಲಿಟರ್ ಬಾಕ್ಸಿನ ಕಥೆ

ಪಶ್ಚಿಮದ ಮನೆಗಳಲ್ಲಿ ಸಾಕಿದ ಬೆಕ್ಕು ಮಲಮೂತ್ರ ಮಾಡುವುದು ಮರಳಿನಂಥ ಹರಳು ತುಂಬಿದ ತಟ್ಟೆಯಲ್ಲಿ. ಅದೇ ಲಿಟರ್ ಬಾಕ್ಸ್. ಬೆಕ್ಕೆಂದು ಗುರುತಿಸಿಕೊಳ್ಳುವ ವಿದ್ಯಾರ್ಥಿಗಳಿಗಾಗಿ ಶಾಲೆಯ ಶೌಚಾಲಯದಲ್ಲಿ ಇಂಥ ತಟ್ಟೆ ಇಟ್ಟಿದ್ದಾರೆ ಎಂಬ ಮಾತು 2021ರ ಅಕ್ಟೋಬರ್ ಹೊತ್ತಿಗೆ ಕೆನಡದ ಪ್ರಿನ್ಸ್ ಎಡ್ವರ್ಡ್ ಐಲೆಂಡ್‌ನಲ್ಲಿ ಹಬ್ಬಿತ್ತು. ಅಲ್ಲಿನ ಶಾಲಾ ಆಡಳಿತ ಅಲ್ಲಗಳೆಯಿತು. ಡಿಸೆಂಬರಿನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಮಿಡ್‌ಲ್ಯಾಂಡ್ ಊರಿನ ಶಾಲಾ ಮಂಡಳಿಯ ಸಭೆಯಲ್ಲಿ ಪೋಷಕರೊಬ್ಬರು ಅದನ್ನೇ ಹೇಳಿದರು. ಸಭೆಯ ವಿಡಿಯೊ ತುಣುಕು ಒಂದು ತಿಂಗಳ ಬಳಿಕ ಹರಿದಾಡಿತು, ರಾಜ್ಯದ ರಿಪಬ್ಲಿಕನ್ ಪಕ್ಷದ ಸಹ ಅಧ್ಯಕ್ಷೆ ಮೆಶಾನ್ ಮ್ಯಾಡಕ್ ಅದನ್ನು ಹಂಚಿಕೊಂಡರು. 2022ರ ಜನವರಿಯಲ್ಲಿ ಸೂಪರಿಂಟೆಂಡೆಂಟ್ ಮೈಕೆಲ್ ಶಾರೊ ಎಲ್ಲ ಪೋಷಕರಿಗೆ ಪತ್ರ ಬರೆದು, ನಮ್ಮ ಯಾವ ಶಾಲೆಯಲ್ಲೂ ಅಂಥ ತಟ್ಟೆ ಇಲ್ಲ, ಎಂದೂ ಇರಲಿಲ್ಲ ಎಂದು ಸ್ಪಷ್ಟಪಡಿಸಬೇಕಾಯಿತು.

ಪತ್ರದಿಂದ ಕಥೆ ನಿಲ್ಲಲಿಲ್ಲ, ಊರು ಬದಲಿಸಿತು. ಮಾರ್ಚ್ ತಿಂಗಳಲ್ಲಿ ನೆಬ್ರಾಸ್ಕ ಶಾಸನಸಭೆಯ ಸದಸ್ಯ ಬ್ರೂಸ್ ಬಾಸ್ಟಲ್‌ಮನ್ ಟಿವಿಯಲ್ಲಿ ಪ್ರಸಾರವಾಗುತ್ತಿದ್ದ ಚರ್ಚೆಯಲ್ಲೇ ಇದನ್ನು ಎತ್ತಿ, ವಿಚಾರಿಸಿದ ಮೇಲೆ ನಿಜವಲ್ಲವೆಂದು ತಿಳಿದು ಕ್ಷಮೆ ಕೇಳಿದರು. ಹಾಗೆ ಕೇಳಿದವರು ಅಪರೂಪ. ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಸೆನೆಟ್ ಅಭ್ಯರ್ಥಿ ಡಾನ್ ಬೋಲ್ಡಕ್ ಒಂದು ಶಾಲೆಯ ಹೆಸರನ್ನೇ ಹೇಳಿದರು. ಶಾಲೆ ತಕ್ಷಣ ನಿರಾಕರಿಸಿತು. ಪಾಡ್‌ಕಾಸ್ಟ್ ನಡೆಸುವ ಜೋ ರೋಗನ್ ಸ್ನೇಹಿತನ ಹೆಂಡತಿಯಿಂದ ಬಂದ ಸುದ್ದಿಯೆಂದು ಅಕ್ಟೋಬರಿನಲ್ಲಿ ಹೇಳಿ, ಮುಂದಿನ ತಿಂಗಳು ಅದಕ್ಕೆ ಆಧಾರ ಸಿಗಲಿಲ್ಲವೆಂದು ಒಪ್ಪಿದರು. ಆ ವರ್ಷ ಇದೇ ಮಾತಾಡಿದ ಕನಿಷ್ಠ 20 ಅಭ್ಯರ್ಥಿಗಳು ಮತ್ತು ಚುನಾಯಿತರನ್ನು ಎನ್‌ಬಿಸಿ ಸುದ್ದಿಸಂಸ್ಥೆ ಲೆಕ್ಕ ಹಾಕಿತು. ಹೇಳಲಾದ ಶಾಲೆಗಳಲ್ಲಿ ಒಂದರಲ್ಲೂ ತಟ್ಟೆ ಸಿಗಲಿಲ್ಲ. ಪ್ರತಿ ಸಲವೂ ಹೇಳಿದವರು ಸ್ವತಃ ಕಂಡವರಲ್ಲ. ಕಂಡದ್ದು ಗೆಳತಿಯ ಮಗಳು, ಪಕ್ಕದ ಜಿಲ್ಲೆಯ ಶಿಕ್ಷಕಿ, ಹೆಸರು ಹೇಳಲಿಚ್ಛಿಸದ ಜಾಡಮಾಲಿ.

ಬೆಕ್ಕಿನ ಹರಳು ನಿಜವಾಗಿ ಇದ್ದದ್ದು ಕೊಲರಾಡೊದ ಜೆಫರ್‌ಸನ್ ಕೌಂಟಿಯ ಶಾಲೆಗಳಲ್ಲಿ. ಅಲ್ಲಿನ ತರಗತಿಗಳಿಗೆ 2017ರಿಂದ ತುರ್ತು ಬಕೆಟ್ ಕೊಡಲಾಗಿತ್ತು: ಟಾರ್ಚು, ಶಾಲೆಯ ನಕ್ಷೆ, ಪ್ರಥಮ ಚಿಕಿತ್ಸೆಯ ಸಾಮಾನು, ಮಧುಮೇಹವಿರುವ ಮಕ್ಕಳಿಗೆ ಮಿಠಾಯಿ, ಸ್ವಲ್ಪ ಬೆಕ್ಕಿನ ಹರಳು. ಬಂದೂಕು ಹಿಡಿದವನು ಶಾಲೆಗೆ ನುಗ್ಗಿ, ತರಗತಿಗೆ ಬೀಗ ಹಾಕಿಕೊಂಡು ಗಂಟೆಗಟ್ಟಲೆ ಒಳಗೇ ಕೂರಬೇಕಾಗಿ ಬಂದರೆ ಮಕ್ಕಳು ಅದರ ಮೇಲೆ ಮೂತ್ರ ಮಾಡಲಿ ಎಂದು. 1999ರ ಹತ್ಯಾಕಾಂಡ ನಡೆದ ಕೊಲಂಬೈನ್ ಪ್ರೌಢಶಾಲೆ ಇದೇ ಶಾಲಾ ಜಿಲ್ಲೆಯದು. ಆ ರಾಜ್ಯದ ಗವರ್ನರ್ ಹುದ್ದೆಯ ಅಭ್ಯರ್ಥಿ ಹೈಡಿ ಗನಾಲ್ 2022ರ ಪ್ರಚಾರದಲ್ಲಿ ದೂರಿದ್ದು ಬಕೆಟ್ಟಿನ ಕಾರಣವನ್ನಲ್ಲ, ಶಾಲೆಗಳಲ್ಲಿ ಫರ್ರಿಗಳು ತುಂಬಿದ್ದಾರೆಂದು.

ಕಥೆ ಇಷ್ಟು ಬಾಳಿದ್ದಕ್ಕೆ ಅದರ ಕಾಲವೇ ಕಾರಣ. ಟ್ರಾನ್ಸ್‌ಜೆಂಡರ್ ಮಕ್ಕಳು ಯಾವ ಶೌಚಾಲಯ ಬಳಸಬೇಕು, ಶಿಕ್ಷಕರು ಅವರನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬ ಜಗಳ ಅಮೆರಿಕದ ಶಾಲಾ ಮಂಡಳಿಗಳಲ್ಲಿ ಕಾವೇರಿತ್ತು. ಇವತ್ತು ಇದನ್ನು ಒಪ್ಪಿದರೆ ನಾಳೆ ಬೆಕ್ಕಿಗೂ ತಟ್ಟೆ ಇಡಬೇಕಾಗುತ್ತದೆ ಎಂಬ ಕುಹಕದ ವಾದ ಮೊದಲೇ ಇತ್ತು. ಯಾರೋ ಅದರ ‘ನಾಳೆ’ಯನ್ನು ‘ನಿನ್ನೆ’ ಮಾಡಿ ಸುದ್ದಿಯಾಗಿ ಹೇಳಿದರು. ಬೆಕ್ಕಿನ ಕಿವಿಯ ಹೇರ್‌ಬ್ಯಾಂಡ್ ಹಾಕಿಕೊಂಡ ಹುಡುಗಿಯರು ಪ್ರತಿ ಶಾಲೆಯಲ್ಲೂ ಒಬ್ಬಿಬ್ಬರು ಇದ್ದುದರಿಂದ ಸಾಕ್ಷ್ಯಕ್ಕೂ ಕೊರತೆ ಕಾಣಲಿಲ್ಲ.

ಮಸೂದೆಗಳು

ಮಾತು ಶಾಸನಸಭೆಗಳಿಗೂ ಹೋಯಿತು. ಒಕ್ಲಹೋಮದ ಪ್ರತಿನಿಧಿ ಜಸ್ಟಿನ್ ಹಂಫ್ರಿ 2024ರಲ್ಲಿ ಮಂಡಿಸಿದ ಮಸೂದೆಯ ಪ್ರಕಾರ, ತಾನು ಪ್ರಾಣಿಯೆಂದು ಹೇಳಿಕೊಳ್ಳುವ ವಿದ್ಯಾರ್ಥಿಗೆ ಪಾಠ ಮತ್ತು ಚಟುವಟಿಕೆಗಳಲ್ಲಿ ಅವಕಾಶವಿಲ್ಲ; ಪೋಷಕರು ಬಂದು ಕರೆದೊಯ್ಯಬೇಕು, ಬಾರದಿದ್ದರೆ ಬೀದಿನಾಯಿ ಹಿಡಿಯುವ ಪ್ರಾಣಿ ನಿಯಂತ್ರಣ ಇಲಾಖೆಯನ್ನು ಕರೆಸಬೇಕು. ಚುನಾಯಿತ ಪ್ರತಿನಿಧಿಯೊಬ್ಬರು ಮಕ್ಕಳ ಬಗ್ಗೆ ಹೀಗೆ ಬರೆದರೆಂಬುದೇ ಈ ಮಸೂದೆಯ ಚಾರಿತ್ರಿಕ ಮಹತ್ವ. ಅದು ಕಾನೂನಾಗಲಿಲ್ಲ.

ಟೆಕ್ಸಸ್‌ನಲ್ಲಿ 2025ರ ಮಾರ್ಚ್‌ನಲ್ಲಿ ಪ್ರತಿನಿಧಿ ಸ್ಟ್ಯಾನ್ ಗರ್ಡಿಸ್ ತಂದ ಮಸೂದೆ ಹೆಚ್ಚು ವಿವರವಾದದ್ದು, ಹೆಸರು ‘ಫರ್ರೀಸ್ ಆಕ್ಟ್’. ಬೊಗಳುವುದು, ಮಿಯಾಂವ್ ಎನ್ನುವುದು, ಮೈ ನೆಕ್ಕಿಕೊಳ್ಳುವುದು, ಬಾಲ, ಕೊರಳಪಟ್ಟಿ ತೊಡುವುದು, ಲಿಟರ್ ಬಾಕ್ಸ್ ಬಳಸುವುದು ಇವೆಲ್ಲಕ್ಕೂ ನಿಷೇಧ. ತಡೆಯದ ಶಾಲಾ ಜಿಲ್ಲೆಗೆ ಮೊದಲ ಸಲ 10,000 ಡಾಲರ್, ಮರುಕಳಿಸಿದರೆ 25,000 ಡಾಲರ್ ದಂಡ. ಹ್ಯಾಲೋವೀನ್, ನಾಟಕ ಮತ್ತು ಶಾಲೆಯ ಕ್ರೀಡಾ ಲಾಂಛನದ ವೇಷಗಳಿಗೆ ವಿನಾಯಿತಿ ಇಡಬೇಕಾಯಿತು. ಅಮೆರಿಕದ ಶಾಲಾ ಫುಟ್‌ಬಾಲ್ ಪಂದ್ಯಗಳಲ್ಲಿ ಹುಲಿ, ಬುಲ್‌ಡಾಗ್, ಕಾಡುಬೆಕ್ಕುಗಳ ವೇಷ ತೊಟ್ಟು ಕುಣಿಯುವ ವಿದ್ಯಾರ್ಥಿಗಳು ಇಲ್ಲದ ಊರೇ ಇಲ್ಲ. ಗವರ್ನರ್ ಗ್ರೆಗ್ ಆಬಟ್ ಮಸೂದೆಯನ್ನು ಬೆಂಬಲಿಸಿದರು. ಸರ್ಕಾರಿ ಶಾಲೆಯ ಬದಲು ಖಾಸಗಿ ಶಾಲೆಗೆ ಸರ್ಕಾರದ ಹಣ ಒಯ್ಯಬಹುದಾದ ವೌಚರ್ ಯೋಜನೆಯನ್ನು ಅವರು ಒತ್ತಾಯಿಸುತ್ತಿದ್ದ ದಿನಗಳೂ ಅವೇ. ಸಮಿತಿಯ ವಿಚಾರಣೆಯಲ್ಲಿ ಉದಾಹರಣೆ ಕೊಡಿ ಎಂದಾಗ ಗರ್ಡಿಸ್ ಸ್ಮಿತ್‌ವಿಲ್ ಊರಿನ ಶಾಲೆಗಳ ಹೆಸರು ಹೇಳಿದ್ದರು. ಅಲ್ಲಿ ಹುಡುಕಿದರೂ ಲಿಟರ್ ಬಾಕ್ಸ್ ಇರಲಿಲ್ಲ. ಅಧಿವೇಶನ ಮುಗಿಯುವ ಹೊತ್ತಿಗೆ ಮಸೂದೆಯೂ ಅಂಗೀಕಾರವಾಗದೆ ಬಿದ್ದುಹೋಯಿತು.

ಬ್ರಿಟನ್ ಮತ್ತು ರಷ್ಯ

ಇಂಗ್ಲೆಂಡಿನ ಪ್ರಕರಣ ಒಂದು ಧ್ವನಿಮುದ್ರಣದಿಂದ ಹುಟ್ಟಿತು. 2023ರ ಜೂನ್‌ನಲ್ಲಿ ಈಸ್ಟ್ ಸಸೆಕ್ಸ್‌ನ ರೈ ಕಾಲೇಜಿನಲ್ಲಿ (ಹೆಸರು ಕಾಲೇಜಾದರೂ ಅದು ಪ್ರೌಢಶಾಲೆ) ಲಿಂಗತ್ವದ ಕುರಿತ ತರಗತಿಯ ಚರ್ಚೆಯಲ್ಲಿ, ಹುಡುಗಿಯಾಗಿದ್ದುಕೊಂಡು ಬೆಕ್ಕೆಂದು ಹೇಳಿಕೊಳ್ಳುವುದು ಹೇಗೆ ಎಂಬ ಮಾತು ಬಂತು. ಶಿಕ್ಷಕಿ ವಿದ್ಯಾರ್ಥಿನಿಯನ್ನು ಗದರಿದ್ದು ಗುಟ್ಟಾಗಿ ಮುದ್ರಣವಾಯಿತು. ಸಹಪಾಠಿಯನ್ನು ಬೆಕ್ಕೆಂದು ಒಪ್ಪದ ಮಗುವಿಗೆ ಶಿಕ್ಷೆ ಎಂದು ಪತ್ರಿಕೆಗಳು ಮುಖಪುಟದಲ್ಲಿ ಬರೆದವು. ನಮ್ಮಲ್ಲಿ ಬೆಕ್ಕೆಂದಾಗಲಿ ಬೇರೆ ಪ್ರಾಣಿಯೆಂದಾಗಲಿ ಗುರುತಿಸಿಕೊಳ್ಳುವ ಯಾವ ಮಗುವೂ ಇಲ್ಲ ಎಂದು ಶಾಲೆ ಹೇಳಿತು. ಅಷ್ಟರಲ್ಲಿ ಸಚಿವೆ ಕೆಮಿ ಬೇಡನಾಕ್ ತಪಾಸಣೆ ಆಗಲೇಬೇಕೆಂದು ಬರೆದಾಗಿತ್ತು. ಶಾಲಾ ತಪಾಸಣಾ ಸಂಸ್ಥೆ ಆಫ್‌ಸ್ಟೆಡ್ ಬಂದು ನೋಡಿ, ಆತಂಕಪಡುವಂಥದು ಇಲ್ಲವೆಂದು ವರದಿ ಕೊಟ್ಟಿತು. ತಪಾಸಣೆಯ ವರದಿ ಮುಖಪುಟಕ್ಕೆ ಬರಲಿಲ್ಲ. ಮುಂದಿನ ವರ್ಷ ಸ್ಕಾಟ್ಲೆಂಡಿನಲ್ಲಿ ವಿದ್ಯಾರ್ಥಿಯೊಬ್ಬನಿಗೆ ತೋಳವಾಗಿ ಗುರುತಿಸಿಕೊಳ್ಳಲು ಶಾಲೆ ಬಿಟ್ಟಿದೆಯೆಂದು ಪತ್ರಿಕೆಗಳು ವರದಿ ಮಾಡಿದವು. ಬ್ರಿಟನ್ನಿನ 2010ರ ಸಮಾನತೆ ಕಾಯಿದೆ ರಕ್ಷಣೆ ಕೊಡುವ ಒಂಬತ್ತು ಲಕ್ಷಣಗಳಲ್ಲಿ ಪ್ರಾಣಿಯ ಗುರುತು ಇಲ್ಲ; ಮಗುವನ್ನು ತೋಳವೆಂದು ಒಪ್ಪಬೇಕಾದ ಕಾನೂನಿನ ಕಟ್ಟುಪಾಡು ಅಲ್ಲಿನ ಯಾವ ಶಾಲೆಗೂ ಇಲ್ಲ.

ರಷ್ಯದಲ್ಲಿ ಗಲಾಟೆ ಎದ್ದದ್ದು ಕ್ವಾಡ್ರೋಬಿಕ್ಸ್ ಮೇಲೆ. 2024ರಲ್ಲಿ ಗಾಯಕಿ ಮಿಯಾ ಬೊಯ್ಕಾ ನಾದಿಮ್ ಊರಿನ ಕಾರ್ಯಕ್ರಮದಲ್ಲಿ ಬೆಕ್ಕಿನ ವೇಷದ ಪುಟ್ಟ ಹುಡುಗಿಯನ್ನು ವೇದಿಕೆಗೆ ಕರೆದು ಎಲ್ಲರೆದುರು ಗದರಿದ ವಿಡಿಯೊ ದೇಶವೆಲ್ಲ ಹರಡಿತು. ಹುಡುಗಿಯ ಪರವಾಗಿ ನಿಂತವರಿಗಿಂತ ಆಟವನ್ನೇ ನಿಷೇಧಿಸಿ ಎಂದವರ ದನಿ ಜೋರಾಯಿತು. ಸಂಸತ್ತಿನ ಕೆಲ ಸದಸ್ಯರೂ ಚರ್ಚಿನ ಹಿರಿಯರೂ ಇದನ್ನು ಪಶ್ಚಿಮದಿಂದ ಬಂದ ವಿಕೃತಿಯೆಂದರು. ಉಜ್ಬೇಕಿಸ್ತಾನದಲ್ಲಿ ಅಧಿಕಾರಿಗಳು ಹಾಗೆ ಆಡುವ ಮಕ್ಕಳ ತಂದೆತಾಯಿಗಳಿಗೆ ದಂಡದ ಎಚ್ಚರಿಕೆ ಕೊಟ್ಟರು. ಅಮೆರಿಕದ ಗಾಳಿಸುದ್ದಿಯನ್ನು ಹರಡಿದವರು ಇದನ್ನು ಎಡಪಂಥೀಯರ ಕಾಣಿಕೆ ಎಂದರೆ, ಮಾಸ್ಕೋದವರು ಅಮೆರಿಕದ ಕಾಣಿಕೆ ಎಂದರು.

ಶಾಲೆಗಳು ಮಾಡುವುದು

ಗಲಾಟೆಯ ಹೊರಗೆ, ದಿನನಿತ್ಯದ ಶಾಲೆಯಲ್ಲಿ ನಡೆಯುವುದು ಬಹಳ ಸಾಧಾರಣ. ಮುಖವಾಡ ತೆಗೆ, ಯಾರೆಂದು ಕಾಣಬೇಕು. ಬಾಲ ಬಿಚ್ಚಿಡು, ಮೆಟ್ಟಿಲಲ್ಲಿ ಯಾರಾದರೂ ತುಳಿದಾರು. ಪಾಠದ ನಡುವೆ ಬೊಗಳಬೇಡ. ಉಡುಪಿನ ನಿಯಮ ಮತ್ತು ಶಿಸ್ತಿನ ನಿಯಮಗಳಲ್ಲಿ ಇವಕ್ಕೆಲ್ಲ ಮೊದಲೇ ಜಾಗವಿದೆ. ಮಗು ತನ್ನನ್ನು ಏನೆಂದುಕೊಂಡಿದೆ ಎಂದು ಶಾಲೆ ತೀರ್ಮಾನಿಸಬೇಕಾಗಿಯೇ ಇಲ್ಲ. ಅಮೆರಿಕದಲ್ಲಿ ಈ ನಿಲುವಿಗೆ ಸುಪ್ರೀಂ ಕೋರ್ಟಿನ ಆಧಾರವೂ ಇದೆ. ವಿಯೆಟ್ನಾಂ ಯುದ್ಧದ ವಿರುದ್ಧ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬಂದ ವಿದ್ಯಾರ್ಥಿಗಳ ಪ್ರಕರಣದಲ್ಲಿ, ಟಿಂಕರ್ ತೀರ್ಪೆಂದು ಹೆಸರಾದ 1969ರ ತೀರ್ಪು, ವಿದ್ಯಾರ್ಥಿಯ ಅಭಿವ್ಯಕ್ತಿಯನ್ನು ಶಾಲೆ ತಡೆಯಬಹುದಾದದ್ದು ಅದು ಪಾಠಪ್ರವಚನಕ್ಕೆ ಗಣನೀಯ ಅಡ್ಡಿಯಾದಾಗ ಮಾತ್ರ ಎಂದಿತು. ತಲೆಯ ಮೇಲಿನ ಬಟ್ಟೆಯ ಕಿವಿ ಯಾರಿಗೂ ಅಡ್ಡಿಯಾಗದು. ತರಗತಿಯಲ್ಲಿ ಊಳಿಟ್ಟರೆ ಆಗುತ್ತದೆ, ಊಳಿಟ್ಟವನು ತೋಳವೆಂದುಕೊಂಡಿರಲಿ, ಬಿಡಲಿ.

ಉಟಾ ರಾಜ್ಯದ ಪೇಸನ್ ಊರಿನ ಮೌಂಟ್ ನೀಬೊ ಮಾಧ್ಯಮಿಕ ಶಾಲೆಯಲ್ಲಿ 2024ರ ಏಪ್ರಿಲ್‌ನಲ್ಲಿ ನಡೆದದ್ದು ಈ ಸರಳ ದಾರಿಯೂ ಎಷ್ಟು ಕಷ್ಟವೆಂದು ತೋರಿಸುತ್ತದೆ. ಒಂದು ಗುಂಪಿನ ಮಕ್ಕಳನ್ನು ಅವರು ತೊಡುವುದಕ್ಕಾಗಿ ಕೆಲವರು ಗುರಿ ಮಾಡುತ್ತಿದ್ದಾರೆ, ಪರಸ್ಪರ ಗೌರವದಿಂದ ನಡೆದುಕೊಳ್ಳಿ ಎಂದು ಶಾಲೆ ಮನೆಗಳಿಗೆ ಸಂದೇಶ ಕಳಿಸಿತು. ಶಾಲೆ ಫರ್ರಿಗಳ ಪರ ನಿಂತಿದೆ, ಅವರು ನಮ್ಮನ್ನು ಕಚ್ಚುತ್ತಾರೆ, ಬೊಗಳುತ್ತಾರೆ, ನಾವು ಮಾತಾಡಿದರೆ ನಮಗೇ ಶಿಕ್ಷೆ ಎಂದು ವಿದ್ಯಾರ್ಥಿಗಳು, ಕೆಲವು ಪೋಷಕರು ಫಲಕ ಹಿಡಿದು ಹೊರಗೆ ನಿಂತರು. ಪ್ರಾಣಿಯ ಪೂರ್ಣ ವೇಷದಲ್ಲಿ ಯಾರೂ ಶಾಲೆಗೆ ಬಂದಿಲ್ಲ, ಕೆಲವರು ಕಿವಿಯಿರುವ ಹೇರ್‌ಬ್ಯಾಂಡ್ ಹಾಕಿದ್ದುಂಟು ಎಂದು ಜಿಲ್ಲೆಯ ವಕ್ತಾರರು ತಿಳಿಸಿದರು. ಹೇರ್‌ಬ್ಯಾಂಡಿಗೂ ಕಚ್ಚುವ ಆರೋಪಕ್ಕೂ ನಡುವಿನ ದೂರವನ್ನು ತುಂಬಿದ್ದು ಸುದ್ದಿವಾಹಿನಿಗಳು.

ಇನ್ನೊಂದು ಕಡೆಯ ತಪ್ಪೂ ಇದೆ. ಮಗುವಿನ ಮಾತನ್ನು ಪ್ರಶ್ನಿಸಿದರೆ ನೋವಾದೀತೆಂದು ಹೆದರಿ, ಪ್ರಾಣಿಯ ಹೆಸರಿನಿಂದ ಕರೆಯುವುದು, ಮಾತಿನ ಬದಲು ಗುರುಗುಟ್ಟಿದರೆ ಉತ್ತರವೆಂದು ಒಪ್ಪುವುದು ಮಗುವನ್ನು ಓರಗೆಯವರಿಂದ ಇನ್ನೂ ದೂರ ಮಾಡುತ್ತದೆ. ಶಾಲೆಯಲ್ಲಿರುವವರೆಗೆ ಅದು ವಿದ್ಯಾರ್ಥಿ. ಪ್ರಶ್ನೆಗೆ ಬಾಯಲ್ಲಿ ಉತ್ತರಿಸಬೇಕು, ಪರೀಕ್ಷೆ ಬರೆಯಬೇಕು. ಅದನ್ನು ಗದರದೆ ಹೇಳಬಹುದು, ನಗದೆಯೂ ಹೇಳಬಹುದು. ಊಟದ ಹೊತ್ತಿನಲ್ಲಿ ಹುಲ್ಲಿನ ಮೇಲೆ ನಾಲ್ಕು ಕಾಲಿನಲ್ಲಿ ಓಡುವ ಮಗುವಿಗೆ ಏನನ್ನೂ ಹೇಳಬೇಕಾಗಿಲ್ಲ; ಮಣಿಕಟ್ಟು ಉಳುಕದಂತೆ ನೋಡಿಕೊಂಡರೆ ಸಾಕು.

ಆಪ್ತಸಮಾಲೋಚಕರ ಬಳಿಗೆ ಹೋಗಬೇಕಾದ ಮಗು ಬೇರೆ. ಯಾವ ಪ್ರಾಣಿ, ಯಾವ ಬಾಲ ಎಂಬುದು ಅಲ್ಲಿ ಕೊನೆಯ ಪ್ರಶ್ನೆ. ನಿದ್ದೆ ಹೇಗಿದೆ, ಊಟ ಬಿಟ್ಟಿದೆಯೇ, ಮಾತು ನಿಲ್ಲಿಸಿದೆಯೇ, ಮೈಗೆ ಗಾಯ ಮಾಡಿಕೊಂಡಿದೆಯೇ, ಯಾರಾದರೂ ಹಿಂಸಿಸುತ್ತಿದ್ದಾರೆಯೇ, ಮನೆಯಲ್ಲಿ ಏನಾಗಿದೆ, ಆಟಿಸಮ್ ಪರೀಕ್ಷೆ ಆಗಿದೆಯೇ ಎಂದು ಮೊದಲು ನೋಡುತ್ತಾರೆ. ತಾನು ನಿಜಕ್ಕೂ ಮಾರ್ಪಟ್ಟಿದ್ದೇನೆ, ಕನ್ನಡಿಯಲ್ಲಿ ತೋಳದ ಮುಖವೇ ಕಾಣುತ್ತಿದೆ ಎಂದರೆ ಶಾಲೆಯ ಕೆಲಸ ಅಲ್ಲಿಗೆ ಮುಗಿದು ವೈದ್ಯರದು ಶುರುವಾಗುತ್ತದೆ. ಸಹಪಾಠಿಗಳು ಮೈದಾನದಲ್ಲಿ ಅಂಥ ಮಗುವಿನ ವಿಡಿಯೊ ತೆಗೆದು ಗೇಲಿಗೆ ಹಂಚಿದರೆ ಅದನ್ನು ಕಿರುಕುಳವೆಂದೇ ದಾಖಲಿಸಿ, ಫೋನು ತೆಗೆದಿಟ್ಟುಕೊಂಡು, ಹಂಚಿದವರ ಮನೆಗೂ ಕರೆ ಮಾಡುತ್ತಾರೆ.